ಮಗ್ಗದ ವಿದ್ಯೆ, ಸಭೆಯ ಮಾತು

ಸಿರಾಖನ ಗ್ರಂಥದಲ್ಲಿ, ಓದುಬರಹ ಬಲ್ಲ ಯಾರನ್ನೇ ಆಗಲಿ ತುಸು ಇರಿಸುಮುರಿಸಿಗೆ ಒಳಪಡಿಸುವ ಒಂದು ಭಾಗವಿದೆ (38:24-34). ಭಾನುವಾರದ ಬಲಿಪೂಜೆಯ ವಾಚನಗಳಲ್ಲಿ ಅದು ಬರುವುದಿಲ್ಲ. ಪ್ರೊಟೆಸ್ಟಂಟ್ ಸಹೋದರರ ಬೈಬಲಿನಲ್ಲಂತೂ ಆ ಗ್ರಂಥವೇ ಇಲ್ಲ. ಹೀಗಾಗಿ ಬಹುಮಂದಿ ವಿಶ್ವಾಸಿಗಳ ಕಿವಿಗೆ ಅದು ಬಿದ್ದಿರಲಾರದು. ಶಾಸ್ತ್ರಿಯ ಜ್ಞಾನಕ್ಕೆ ಬಿಡುವು ಬೇಕು, ದುಡಿಮೆಯಲ್ಲೇ ಮುಳುಗಿದವನು ಜ್ಞಾನಿಯಾಗುವುದೆಂತು ಎಂದು ಕೇಳುತ್ತ ಸಿರಾಖ ಒಬ್ಬೊಬ್ಬರನ್ನೇ ನಮ್ಮ ಮುಂದೆ ತಂದು ನಿಲ್ಲಿಸುತ್ತಾನೆ. ಎತ್ತುಗಳ ಮಾತನ್ನೇ ಆಡುವ ನೇಗಿಲಯೋಗಿ, ಮುದ್ರೆ ಕೊರೆಯುವವನು, ಬೆಂಕಿಯ ಝಳಕ್ಕೆ ಮೈ ಬತ್ತಿಸಿಕೊಳ್ಳುವ ಕಮ್ಮಾರ, ಕಾಲಿನಿಂದ ತಿಗರಿ ತಿರುಗಿಸುವ ಕುಂಬಾರ. ಇವರೆಲ್ಲ ತಮ್ಮ ತಮ್ಮ ಕಸುಬಿನಲ್ಲಿ ನಿಪುಣರು, ಇವರಿಲ್ಲದೆ ಯಾವ ಪಟ್ಟಣವೂ ನಿಲ್ಲದು ಎಂದು ಆತ ಒಪ್ಪುತ್ತಾನೆ. ಆದರೆ ಜನರ ಸಭೆಯಲ್ಲಿ ಇವರ ಅಭಿಪ್ರಾಯವನ್ನು ಯಾರೂ ಕೇಳುವುದಿಲ್ಲ, ನ್ಯಾಯಪೀಠದಲ್ಲಿ ಇವರು ಕೂರುವುದಿಲ್ಲ ಎಂದೂ ಸೇರಿಸುತ್ತಾನೆ. ಕೊನೆಯಲ್ಲಿ ಮಾತ್ರ ಒಂದು ಅಚ್ಚರಿಯ ಮಾತಿದೆ: ಇವರ ಕಸುಬೇ ಇವರ ಪ್ರಾರ್ಥನೆ.

ಸಿರಾಖನಿಗೂ ಬಹಳ ಹಿಂದೆ ಈಜಿಪ್ಟಿನ ಲಿಪಿಕಾರರು ಕಸುಬುದಾರರನ್ನು ಹೀಗೆಯೇ ಸಾಲಾಗಿ ನಿಲ್ಲಿಸಿ ನಕ್ಕಿದ್ದರು. ಸಿರಾಖ ನಗುವುದಿಲ್ಲ, ಗೌರವಿಸುತ್ತಾನೆ. ಆದರೂ ಸಭೆಯ ಬಾಗಿಲು ತೆರೆಯುವುದಿಲ್ಲ.

ಈ ಭಾಗವನ್ನು ಯಾದಗಿರಿ, ಶಹಾಪುರ, ಸುರಪುರ ಸೀಮೆಯಲ್ಲಿ ಕುಳಿತು ಓದಿದರೆ ಅದರ ಭಾರವೇ ಬೇರೆ. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು ರಾಜ್ಯದ 39 ತಾಲೂಕುಗಳನ್ನು ಅತ್ಯಂತ ಹಿಂದುಳಿದವು ಎಂದು ಗುರುತಿಸಿದಾಗ ಈ ಮೂರೂ ಆ ಪಟ್ಟಿಯಲ್ಲಿದ್ದವು. 2011ರ ಜನಗಣತಿಯ ಪ್ರಕಾರ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇಕಡ 51.83, ರಾಜ್ಯದಲ್ಲೇ ಅತಿ ಕಡಿಮೆ. ಮಹಿಳೆಯರಲ್ಲಿ ಅದು ಸುಮಾರು ಶೇಕಡ 41. ಅಕ್ಷರದಿಂದಲೇ ಮಾತು ಬರುತ್ತದೆ, ಓದಿದವನಿಗೇ ದನಿ ಎಂದು ನಾವು ಶಾಲೆಯ ವಾರ್ಷಿಕೋತ್ಸವಗಳಲ್ಲಿ ಭಾಷಣ ಮಾಡುತ್ತೇವೆ. ಅದು ಪೂರ್ತಿ ನಿಜವಾಗಿದ್ದರೆ ಈ ನೆಲದ ಅರ್ಧದಷ್ಟು ಜನ ಮೂಕರೆಂದು ತೀರ್ಮಾನಿಸಬೇಕಾಗುತ್ತದೆ. ಆದರೆ ಇದೇ ನೆಲದ ಸಾಹಿತ್ಯ ಬೇರೆ ಸಾಕ್ಷ್ಯವನ್ನು ನುಡಿಯುತ್ತಿದೆ.

ಸುರಪುರ ಸೀಮೆಯ ಮುದನೂರು ದೇವರ ದಾಸಿಮಯ್ಯನ ಊರು. ಅಲ್ಲಿಯ ರಾಮನಾಥನೇ ಅವನ ವಚನಗಳ ಅಂಕಿತ. ದೇವರ ದಾಸಿಮಯ್ಯ, ಜೇಡರ ದಾಸಿಮಯ್ಯ ಇಬ್ಬರೋ ಒಬ್ಬನೋ, ಅವನ ಕಾಲ ಹನ್ನೊಂದನೆಯ ಶತಮಾನವೋ ಅದರ ಆಚೀಚೆಯೋ ಎಂಬ ಚರ್ಚೆ ವಿದ್ವಾಂಸರಲ್ಲಿ ನಡೆದಿದೆ. ಅದನ್ನು ಅವರಿಗೇ ಬಿಡೋಣ. ಆದ್ಯ ವಚನಕಾರರಲ್ಲಿ ಒಬ್ಬನಾದ ಆತ ನೇಕಾರನಾಗಿದ್ದ, ಹೆಂಡತಿ ದುಗ್ಗಳೆಯೂ ವಚನಗಳನ್ನು ರಚಿಸಿದಳು ಎಂಬುದಷ್ಟು ನಮಗೆ ಸಾಕು. ಗಮನಿಸಬೇಕಾದ ಸಂಗತಿ ಎಂದರೆ, ದಾಸಿಮಯ್ಯನನ್ನು ಹೊಗಳುವವರೆಲ್ಲ ಅವನ ಭಕ್ತಿಯನ್ನು ಹೊಗಳುತ್ತಾರೆ, ನೇಕಾರಿಕೆಯನ್ನು ಅವನ ಜಾತಿ ತಿಳಿಸಲಿಕ್ಕೆಂದು ಒಂದು ಸಾಲಿನಲ್ಲಿ ಹೇಳಿ ಮುಗಿಸುತ್ತಾರೆ. ಮಗ್ಗವನ್ನು ಹೀಗೆ ಮೂಲೆಗೆ ಸರಿಸಿದರೆ ಅವನ ಕಾವ್ಯದ ಅರ್ಧ ಶಕ್ತಿ ಕೈತಪ್ಪಿಹೋಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಅವನ ಒಂದು ವಚನವನ್ನೇ ತೆಗೆದುಕೊಳ್ಳಿ. ಅದು ಮೊದಲಿನಿಂದ ಕೊನೆಯ ಹತ್ತಿರದವರೆಗೆ ಬರೀ ನೇಯ್ಗೆಯ ವಿವರ. ಹಾಸುನೂಲನ್ನು ಹರಡಿ ಬಿಗಿಮಾಡುವುದು, ಎಳೆಗಳ ಏರುಪೇರು ತೆಗೆಯುವುದು, ಅಣಿ, ಲಾಳಿ, ಲಾಳಿಯೊಳಗಿನ ಮುಳ್ಳು, ಅದರಲ್ಲಿ ತೀರುತ್ತ ಹೋಗುವ ಕಂಡಿಕೆಯ ನೂಲು. ಒಂದೊಂದೂ ಕಸುಬಿನ ಶಬ್ದ, ಒಂದೊಂದೂ ಅದರದರ ಕ್ರಮದಲ್ಲಿ. ಈ ಸೀರೆಯನ್ನು ನೇಯ್ದವರು ಯಾರು, ತಾನೋ ರಾಮನಾಥನೋ ಎಂಬ ಪ್ರಶ್ನೆಯೊಂದಿಗೆ ವಚನ ನಿಲ್ಲುತ್ತದೆ.

ಇಲ್ಲಿ ಎರಡು ಮಾತುಗಳನ್ನು ಹೇಳಬೇಕು. ದೇಹವೆಂಬ ಬಟ್ಟೆ, ಪ್ರಾಣವೆಂಬ ನೂಲು ಎಂದು ಹೋಲಿಸುವ ಪದ್ಯಗಳು ಭಾರತದ ಭಕ್ತಿಸಾಹಿತ್ಯದಲ್ಲಿ ಬೇಕಾದಷ್ಟಿವೆ. ಮಗ್ಗದ ಹತ್ತಿರ ಎಂದೂ ಸುಳಿಯದ ಕವಿಯೂ ಅಂಥ ಹೋಲಿಕೆಯನ್ನು ಕಟ್ಟಬಲ್ಲ. ಆದರೆ ದಾಸಿಮಯ್ಯ ಮಗ್ಗವನ್ನು ಯಾವುದಕ್ಕೂ ಹೋಲಿಸುವುದಿಲ್ಲ. ಮಗ್ಗ ಕೊನೆಯವರೆಗೆ ಮಗ್ಗವಾಗಿಯೇ ಉಳಿಯುತ್ತದೆ, ಪ್ರಶ್ನೆ ಬಂದ ಕ್ಷಣದಲ್ಲಿ ಮಾತ್ರ ಅದು ಬೇರೇನೋ ಆಗಿಬಿಡುತ್ತದೆ. ಇದು ಕೈಯಿಂದ ಬಲ್ಲವನು ಮಾತ್ರ ಕಟ್ಟಬಲ್ಲ ವಚನ. ಎರಡನೆಯದಾಗಿ, ಆ ಪ್ರಶ್ನೆಯನ್ನು ಪ್ರವಚನಕಾರರಾದ ನಾವು ಸಾಮಾನ್ಯವಾಗಿ ಶರಣಾಗತಿ ಎಂದು ವಿವರಿಸುತ್ತೇವೆ: ನಾನೇನೂ ಅಲ್ಲ, ಎಲ್ಲವೂ ನೀನೇ. ವಚನ ಹಾಗೆ ಹೇಳುತ್ತಿಲ್ಲ. ಅದು ಉತ್ತರವನ್ನು ಕೊಡದೆ ಪ್ರಶ್ನೆಯಾಗಿಯೇ ನಿಲ್ಲುತ್ತದೆ. ತಾನು ನೇಯ್ದ ಸೀರೆ ಒಳ್ಳೆಯ ಸೀರೆ ಎಂಬ ಭರವಸೆ ಇರುವವನು ಮಾತ್ರ ದೇವರನ್ನು ಹಾಗೆ ಎದುರುಬದುರು ಕೂರಿಸಿಕೊಂಡು ಕೇಳಬಲ್ಲ. ಕಳಪೆ ಸೀರೆ ನೇಯ್ದವನು ಅದರಲ್ಲಿ ದೇವರ ಪಾಲನ್ನು ವಿಚಾರಿಸಲಿಕ್ಕೆ ಹೋಗುವುದಿಲ್ಲ!

ಕಸುಬೇ ಪ್ರಾರ್ಥನೆ ಎಂದು ಸಿರಾಖ ಹೊರಗೆ ನಿಂತು ಹೇಳಿದ. ದಾಸಿಮಯ್ಯ ಒಳಗೆ ಕುಳಿತು ಅದನ್ನು ಮಾಡಿ ತೋರಿಸಿದ.

ಇನ್ನೊಂದು ವಿಷಯ. ಈ ವಚನವನ್ನು ಇಂದು ಕಾಲೇಜಿನಲ್ಲಿ ಪಾಠ ಮಾಡುವ ಅಧ್ಯಾಪಕರು ನಿಘಂಟು ತೆರೆಯಬೇಕು, ಅಡಿಟಿಪ್ಪಣಿ ನೋಡಬೇಕು. ಕೈಮಗ್ಗದಲ್ಲಿ ದುಡಿದ ಹಿರಿಯರು ಯಾರಾದರೂ ಪಕ್ಕದಲ್ಲಿದ್ದರೆ ಅವರಿಗೆ ಟಿಪ್ಪಣಿ ಬೇಕಾಗಲಾರದು. ಆ ಹೊತ್ತಿನ ಮಟ್ಟಿಗಾದರೂ ಓದಿದವರು ಶಿಷ್ಯರು, ಓದದವರು ಗುರುಗಳು. ಗಂಡು ಹೆಣ್ಣೆಂಬ ಭೇದ ಒಳಗಿನ ಆತ್ಮಕ್ಕಿಲ್ಲ ಎಂದೂ, ನೆಲ ಬೆಳೆ ಗಾಳಿ ಎಲ್ಲವೂ ದೇವರ ಕೊಡುಗೆಯಾಗಿರುವಾಗ ಅನ್ಯರನ್ನು ಹೊಗಳುವವರಿಗೆ ಏನೆನ್ನಬೇಕೆಂದೂ ನಾಲ್ಕೈದು ಸಾಲುಗಳಲ್ಲಿ ಹೇಳಿಬಿಡುವ ಧೈರ್ಯ ಅವನಿಗೆ ಎಲ್ಲಿಂದ ಬಂತು? ಭಕ್ತಿಯಿಂದ ಎನ್ನುವುದು ಸರಿ. ಆದರೆ ತನ್ನ ಕೈಯ ವಿದ್ಯೆಯಿಂದ ಊಟ ಮಾಡುವವನಿಗೆ ಯಾರ ಮುಂದೆಯೂ ನಾಲಗೆ ಕಟ್ಟಿಹೋಗುವುದಿಲ್ಲ ಎಂಬುದೂ ಅಷ್ಟೇ ಸರಿ.

ಕೃಷ್ಣೆಯ ಆಚೆ ದಂಡೆಯಲ್ಲಿ, ಲಿಂಗಸುಗೂರು ಸೀಮೆಯ ಅಮರೇಶ್ವರದವಳೆಂದು ಹೇಳಲಾಗುವ ಆಯ್ದಕ್ಕಿ ಲಕ್ಕಮ್ಮನದೂ ಇದೇ ಬಗೆ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಗಂಡ ಮಾರಯ್ಯನ ಕಾಯಕ. ಒಂದು ದಿನ ಆತ ಹೆಚ್ಚು ತಂದಾಗ ಲಕ್ಕಮ್ಮ ಅದನ್ನು ಹಿಂದಕ್ಕೆ ಕಳಿಸಿದಳು. ಒಂದು ಹೊತ್ತಿಗೆ ಎಷ್ಟು ಅಕ್ಕಿ ಸಾಕು ಎಂಬ ಲೆಕ್ಕ ಒಲೆಯ ಮುಂದೆ ಕುಳಿತವಳಿಗೆ ಗೊತ್ತು. ಆ ಲೆಕ್ಕದ ಬಲದಿಂದಲೇ ಆಕೆ ಗಂಡನಿಗೆ ಗುರುವಾದಳು. ಪರಂಪರೆ ನೆನೆಯುವ ಅನುಭವ ಮಂಟಪದಲ್ಲಿ ಅಂಬಿಗ, ಮಡಿವಾಳ, ಮಾದಾರ, ಡೋಹಾರರ ಜೊತೆಗೆ ಇಂಥ ಹೆಂಗಸರಿಗೂ ಸ್ಥಾನವಿತ್ತು. ಸಿರಾಖನ ಕಾಲದ ಸಭೆ ಯಾರನ್ನು ಕರೆಯಲಿಲ್ಲವೋ ಅವರನ್ನೇ ಕರೆದ ಸಭೆ ಅದು.

ಇದನ್ನು ಕ್ರೈಸ್ತರಾದ ನಾವು ಓದುವಾಗ ನಜರೇತನ್ನು ನೆನೆಯದೆ ಇರಲಾಗದು. ಪ್ರಭು ಯೇಸು ಪ್ರಾರ್ಥನಾಮಂದಿರದಲ್ಲಿ ಬೋಧಿಸಿದಾಗ ಊರವರು, ಇವನಿಗೆ ಈ ಜ್ಞಾನ ಎಲ್ಲಿಂದ ಬಂತು, ಇವನು ಆ ಬಡಗಿಯಲ್ಲವೇ ಎಂದು ಮುಖ ಸಿಂಡರಿಸಿದರು (ಮಾರ್ಕ 6:2-3). ಬಡಗಿ ಎಂಬುದಕ್ಕೆ ಮಾರ್ಕ ಬಳಸಿದ ಗ್ರೀಕ್ ಪದ 'ತೆಕ್ತೋನ್'. ಸಿರಾಖನ ಗ್ರೀಕ್ ಪಾಠದಲ್ಲಿ ಸಭೆಗೆ ಕರೆಯಲ್ಪಡದ ಕುಶಲಕರ್ಮಿಗೆ ಇರುವುದೂ ಅದೇ ಪದ (38:27). ಸುಸಂದೇಶಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಇನ್ನೊಂದು ಸೂಕ್ಷ್ಮ ಕಾಣುತ್ತದೆ. ಮಾರ್ಕನಲ್ಲಿ ಯೇಸುವೇ ಬಡಗಿ. ಮತ್ತಾಯನಲ್ಲಿ ಬಡಗಿಯ ಮಗ (13:55). ಲೂಕನಲ್ಲಿ ಜೋಸೆಫನ ಮಗ ಅಷ್ಟೇ. ಬಡಗಿಯ ಮಾತೇ ಇಲ್ಲ (4:22). ಕಾರಣಗಳು ಏನೇ ಇರಲಿ, ಹೇಳಿಕೆಯಿಂದ ಹೇಳಿಕೆಗೆ ಉಳಿ ಮತ್ತು ಗರಗಸ ಮರೆಯಾಗುತ್ತವೆ. ದಾಸಿಮಯ್ಯನ ಮಗ್ಗಕ್ಕೆ ನಾವು ಮಾಡಿದ್ದೂ ಇದನ್ನೇ.

ಸುರಪುರದ ವಿಷಯ ಬಂದಾಗ ಕರ್ನಲ್ ಮೆಡೋಸ್ ಟೇಲರನನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಹದಿಹರೆಯದಲ್ಲೇ ಭಾರತಕ್ಕೆ ಬಂದು, ಹೆಚ್ಚಿನ ಶಾಲಾ ಶಿಕ್ಷಣವಿಲ್ಲದೆಯೇ ಭಾಷೆ, ಕಾನೂನು, ಭೂಮಾಪನ, ಕಟ್ಟಡ ಕೆಲಸಗಳನ್ನು ಸ್ವಂತ ಶ್ರಮದಿಂದ ಕಲಿತ ಮನುಷ್ಯ ಆತ. 1841ರಿಂದ 1853ರವರೆಗೆ ಸುರಪುರದ ಆಡಳಿತ ನೋಡಿಕೊಂಡ, ದಾರಿಗಳನ್ನೂ ಕೆರೆಗಳನ್ನೂ ಸುಧಾರಿಸಿದ, ಈ ಭಾಗದ ಆದಿಮಾನವರ ಕಲ್ಗೋರಿಗಳ ಬಗ್ಗೆ ಬರೆದ. ಅವನ ಆತ್ಮಕಥೆ 1877ರಲ್ಲಿ, ಅವನ ಮರಣಾನಂತರ ಪ್ರಕಟವಾಯಿತು. ಅದು ಸಹೃದಯನೊಬ್ಬನ ಪುಸ್ತಕ, ಅದರಲ್ಲಿ ಸಂದೇಹವಿಲ್ಲ. ಇಂಗ್ಲಿಷ್ ಬಲ್ಲವರು ಓದಲೇಬೇಕು. ಆದರೆ ಓದುತ್ತ ಹೋದಂತೆ ಒಂದು ಕೊರತೆ ಕಾಡುತ್ತದೆ. ಸುರಪುರದ ಜನ ಆ ಪುಟಗಳಲ್ಲಿ ಉಪಕಾರ ಪಡೆಯುವವರು, ಅಹವಾಲು ತರುವವರು, ಕಾಪಾಡಲ್ಪಡುವವರು. ಅವರು ಏನನ್ನಾದರೂ ಬಲ್ಲವರು ಎಂಬುದು ಅಲ್ಲಿ ಅಪರೂಪಕ್ಕೆ ಕಾಣುತ್ತದೆ. ಟೇಲರನ ಪೋಷಣೆಯಲ್ಲಿ ಬೆಳೆದ ಅರಸ ರಾಜಾ ವೆಂಕಟಪ್ಪ ನಾಯಕರು ಕಂಪನಿಯ ವಿರುದ್ಧ ಎದ್ದು, 1858ರಲ್ಲಿ ಬಂಧಿತರಾಗಿ, ಸೆರೆವಾಸಕ್ಕೆ ಒಯ್ಯುವ ದಾರಿಯಲ್ಲಿ ಗುಂಡಿಗೆ ಮಡಿದರು. ಅವರ ಕೊನೆಯ ದಿನಗಳ ಕಥೆಯೂ ಬಹುಮಟ್ಟಿಗೆ ನಮಗೆ ದೊರೆಯುವುದು ಟೇಲರನ ಲೇಖನಿಯಿಂದಲೇ. ಒಳ್ಳೆಯ ಮನಸ್ಸಿನ, ಹೆಚ್ಚು ತಿಳಿದ ಒಬ್ಬ ಹೊರಗಿನವನು ನಮ್ಮ ಪರವಾಗಿ ಮಾತಾಡುವುದಕ್ಕೂ ನಾವೇ ಮಾತಾಡುವುದಕ್ಕೂ ಇರುವ ಅಂತರವನ್ನು ತಿಳಿಯಬೇಕಾದರೆ ಮುದನೂರಿನ ವಚನಗಳನ್ನೂ ಈ ಆತ್ಮಕಥೆಯನ್ನೂ ಒಟ್ಟಿಗೆ ಓದಬೇಕು. ಸೇವೆಗೆಂದು ಹಳ್ಳಿಗಳಿಗೆ ಹೋಗುವ ಗುರುಗಳೂ ಕನ್ಯಾಸ್ತ್ರೀಯರೂ ಇದನ್ನು ವಿಶೇಷವಾಗಿ ಯೋಚಿಸಬೇಕು. ನಮ್ಮ ವರದಿಗಳೂ ಟೇಲರನ ಪುಸ್ತಕದ ಹಾಗೆಯೇ ಇರುತ್ತವೆ.

ಹಾಗೆಂದು ಶಾಲೆಯ ವಿದ್ಯೆಯನ್ನು ಹಗುರವಾಗಿ ಕಾಣುವುದು ತಪ್ಪಾದೀತು. ಕಸುಬಿನ ವಿದ್ಯೆಯಿಂದ ದನಿ ಹುಟ್ಟಬಹುದು. ಅದು ಉಳಿಯಬೇಕಾದರೆ ಬರಹ ಬೇಕು. ದಾಸಿಮಯ್ಯನ ಓರಗೆಯ ಇನ್ನೆಷ್ಟು ನೇಕಾರರು, ಕುರುಬರು, ಬೇಡರು ಅಷ್ಟೇ ಒಳ್ಳೆಯ ಮಾತಾಡಿ ಗಾಳಿಗೆ ಹೋದರೋ ಬಲ್ಲವರಾರು? ಹದಿನೈದನೆಯ ಶತಮಾನದಲ್ಲಿ ವಿರಕ್ತರು ವಚನಗಳನ್ನು ಸಂಗ್ರಹಿಸಿದರು. ಅವು ಮತ್ತೆ ಮಠ, ಮನೆಗಳ ಓಲೆಗರಿಗಳಲ್ಲಿ ಮಲಗಿದವು. ಅವನ್ನು ಊರೂರು ತಿರುಗಿ ಹುಡುಕಿ ಅಚ್ಚಿಗೆ ತಂದವರು ಬಿಜಾಪುರದ ವಕೀಲ ಫ.ಗು. ಹಳಕಟ್ಟಿ (1880-1964). 'ವಚನಶಾಸ್ತ್ರಸಾರ' 1923ರಲ್ಲಿ ಬಂತು, 'ಶಿವಾನುಭವ' ಪತ್ರಿಕೆ 1926ರಲ್ಲಿ ಆರಂಭವಾಯಿತು. ಹಳಕಟ್ಟಿಯವರು ಹುಟ್ಟಿದ್ದು ನೇಕಾರರ ಮನೆತನದಲ್ಲಿ. ಓದಿದ್ದು ಮುಂಬಯಿಯ ಸಂತ ಕ್ಸೇವಿಯರ್ ಕಾಲೇಜಿನಲ್ಲಿ, ಯೇಸುಸಭೆಯ ಗುರುಗಳ ಬಳಿ. ಈ ಎರಡು ಸಂಗತಿಗಳು ಒಬ್ಬನೇ ಮನುಷ್ಯನಲ್ಲಿ ಸೇರಿದ್ದು ನಮ್ಮ ಪಾಲಿಗೆ ದೊಡ್ಡ ವರ. ಪದವಿ ಪಡೆದ ನೇಕಾರರ ಮಗ ಮಗ್ಗಕ್ಕೆ ಬೆನ್ನು ತಿರುಗಿಸಲಿಲ್ಲ. ತನ್ನ ಇಂಗ್ಲಿಷ್ ವಿದ್ಯೆಯನ್ನೂ ವಕೀಲಿಯ ಗಳಿಕೆಯನ್ನೂ ತೆಗೆದುಕೊಂಡುಹೋಗಿ ಎಂಟು ನೂರು ವರ್ಷ ಹಿಂದಿನ ದನಿಗಳಿಗೆ ಸುರಿದ.

ಆದರೆ ಶಾಲೆ ಎಲ್ಲರನ್ನೂ ಹೀಗೆ ಮನೆಗೆ ಹಿಂದಿರುಗಿಸುವುದಿಲ್ಲ. ಸುರಪುರಕ್ಕೆ ಪಡುವಣದ ನೆರೆಯ ಮುದ್ದೇಬಿಹಾಳದಲ್ಲಿ 1956ರಲ್ಲಿ ಹುಟ್ಟಿದ ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ' (1994) ಈ ಸಂಕಟದ ಪುಸ್ತಕ. ಕನ್ನಡದ ಮೊದಲ ದಲಿತ ಆತ್ಮಕಥನವೆಂದು ಅದನ್ನು ಕರೆಯುತ್ತಾರೆ. ಹೆಸರಿನಲ್ಲೇ ಚುಚ್ಚುಮಾತಿದೆ. ದಲಿತನು ಓದಿ ಮುಂದೆ ಬಂದರೆ ಸಮಾಜ ಅವನ ವಿದ್ಯೆಯನ್ನು ವಿದ್ಯೆಯೆಂದು ಒಪ್ಪುವುದಿಲ್ಲ, ಸರಕಾರ ಮಾಡಿದ ಬ್ರಾಹ್ಮಣನೆಂದು ಹಂಗಿಸುತ್ತದೆ. ಓದದಿದ್ದಾಗ ಮೂರ್ಖ, ಓದಿದ ಮೇಲೆ ಮೀಸಲಾತಿಯವನು! ಲೇಖಕರು ಆ ಹೀಯಾಳಿಕೆಯನ್ನೇ ಎತ್ತಿಕೊಂಡು ಮುಖಪುಟದ ಮೇಲೆ ಅಚ್ಚುಹಾಕಿಸಿದರು. ಬೈಗುಳವನ್ನು ಹೀಗೆ ಹೆಸರಾಗಿ ತಿರುಗಿಸುವುದು ದೊಡ್ಡ ವಿದ್ವತ್ತಿನ ಕೆಲಸ.

ಪುಸ್ತಕ ಹುಟ್ಟಿನಿಂದ ಇಂದಿನವರೆಗಿನ ಕ್ರಮಬದ್ಧ ಕಥೆಯಲ್ಲ, ಬಿಡಿ ಬಿಡಿ ಪ್ರಸಂಗಗಳ ಕಟ್ಟು. ಕೆಲವರು ಇದನ್ನು ದೋಷವೆಂದು ಎಣಿಸಬಹುದು. ನನಗೆ ಅದೇ ಅದರ ಪ್ರಾಮಾಣಿಕತೆ ಎನಿಸುತ್ತದೆ. ಅವಮಾನದ ನೆನಪುಗಳು ತಾರೀಖಿನ ಪ್ರಕಾರ ಬರುವುದಿಲ್ಲ. ಶವದ ಮೇಲೆ ತೂರಿದ ನಾಣ್ಯಗಳನ್ನು ಆಯುವ ಪ್ರಸಂಗವನ್ನು ಓದಿದವರು ಸುಲಭವಾಗಿ ಮರೆಯಲಾರರು. ಅದನ್ನು ಬರೆಯುವಾಗ ಮಾಲಗತ್ತಿಯವರು ವಿಶ್ವವಿದ್ಯಾಲಯದ ಅಧ್ಯಾಪಕರು, ಜಾನಪದ ವಿದ್ವಾಂಸರು. ಆದರೆ ಆ ಪ್ರಸಂಗಕ್ಕೆ ಬಲ ಬಂದಿರುವುದು ಹುಡುಗನೊಬ್ಬನ ಅರಿವಿನಿಂದ, ವಿದ್ವಾಂಸನ ವ್ಯಾಖ್ಯಾನದಿಂದಲ್ಲ. ಎಲ್ಲಿ ಅವರು ಆ ಹುಡುಗನನ್ನು ಅವನ ಪಾಡಿಗೆ ಬಿಡುತ್ತಾರೋ ಅಲ್ಲಿ ಪುಸ್ತಕ ಸುಡುತ್ತದೆ. ಎಲ್ಲಿ ಪಕ್ಕದಲ್ಲಿ ನಿಂತು ವಿವರಿಸುತ್ತಾರೋ ಅಲ್ಲಿ ಬಿಸಿ ತುಸು ಇಳಿಯುತ್ತದೆ. ವಿದ್ವತ್ತಿನಿಂದ ಅವರಿಗೆ ದೊರೆತ ದೊಡ್ಡ ಲಾಭವೆಂದರೆ ಸಭೆಗೆ ಪ್ರವೇಶ ಮತ್ತು ಅಚ್ಚಿನ ಅಧಿಕಾರ. ಹೇಳಬೇಕಾದದ್ದು ಮಾತ್ರ ಅವರ ಬಳಿ ಮೊದಲೇ ಇತ್ತು.

ಕಲಬುರಗಿ ಸೀಮೆಯ ಸಾವಳಗಿಯಲ್ಲಿ ಹುಟ್ಟಿದ ಗೀತಾ ನಾಗಭೂಷಣರನ್ನೂ (1942-2020) ಇದೇ ಸಾಲಿನಲ್ಲಿ ಸ್ಮರಿಸಬೇಕು. ಬಡ ಕುಟುಂಬದ ಹೆಣ್ಣುಮಗಳು ಓದಿ ಅಧ್ಯಾಪಕಿಯಾಗಿ, 'ಬದುಕು' ಕಾದಂಬರಿಗೆ 2004ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ಕನ್ನಡದ ಮಹಿಳೆಗೆ ಆ ಗೌರವ ಸಂದದ್ದು ಅದೇ ಮೊದಲು. 2010ರಲ್ಲಿ ಗದಗಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆಯನ್ನೂ ವಹಿಸಿದರು. ಅವರ ಕಾದಂಬರಿಯ ಭಾಷೆ ಕಲಬುರಗಿಯ ಕೂಲಿಕಾರ ಹೆಂಗಸರ ಮನೆಮಾತು. ದಕ್ಷಿಣದ ಓದುಗರಿಗೆ ಮೊದಲ ಪುಟಗಳಲ್ಲಿ ಅದು ತೊಡಕೆನಿಸಬಹುದು. ತೊಡಕಾಗಲಿ. ದಾಸಿಮಯ್ಯನ ಕಂಡಿಕೆ, ಅಣಿಗಳಿಗೆ ಟಿಪ್ಪಣಿ ನೋಡುವ ನಾವು ನಮ್ಮ ಕಾಲದ ತಾಯಂದಿರ ಮಾತಿಗಾಗಿ ಸ್ವಲ್ಪ ಕಷ್ಟಪಟ್ಟರೆ ಏನು ಹೋದೀತು? ಕಲಿತ ಹೆಣ್ಣುಮಗಳು ಕಲಿಯದ ತಾಯಿಯ ಭಾಷೆಯನ್ನು ತಿದ್ದದೆ ಪುಸ್ತಕಕ್ಕೆ ತಂದಳು ಎಂಬುದೇ ಆ ಕೃತಿಯ ಹಿರಿಮೆ. ಅದರ ಕಥಾಹಂದರಕ್ಕಿಂತ ನನಗೆ ಇದು ಮುಖ್ಯ.

ನಮ್ಮ ಮನೆಗಳಲ್ಲಿ ಏನಾಗುತ್ತಿದೆ ಎಂಬುದನ್ನು ಈ ಬೆಳಕಿನಲ್ಲಿ ನೋಡಬೇಕು. ಕಾನ್ವೆಂಟಿಗೆ ಹೋಗುವ ಮಗು ಸಂಜೆ ಬಂದು ಅಪ್ಪನ ಕನ್ನಡವನ್ನು ತಿದ್ದುತ್ತದೆ, ನಾವು ನಕ್ಕು ಹೆಮ್ಮೆಪಡುತ್ತೇವೆ. ಗಾರೆ ಕೆಲಸದ ಅಪ್ಪನಿಗೆ ಗೋಡೆಯ ಲಂಬ ಕಣ್ಣಳತೆಯಲ್ಲೇ ಗೊತ್ತು. ನಾರಾಯಣಪುರದ ಎಡದಂಡೆ ಕಾಲುವೆಯ ನೀರು ಗದ್ದೆಗೆ ಯಾವಾಗ ಸಾಕು, ಯಾವಾಗ ಹೆಚ್ಚಾಯಿತು ಎಂಬುದು ಕೂಲಿಗೆ ಹೋಗುವ ತಾಯಿಗೆ ಗೊತ್ತು. ಮಗುವಿನ ಯಾವ ಪಠ್ಯದಲ್ಲೂ ಇವಕ್ಕೆ ವಿದ್ಯೆ ಎಂಬ ಹೆಸರಿಲ್ಲ. ಹೀಗೆ ಹತ್ತು ವರ್ಷ ಕಲಿತ ಮಗು ಹೊರಬರುವಾಗ ಕೈಯಲ್ಲಿ ಪ್ರಮಾಣಪತ್ರವಿರುತ್ತದೆ, ಹೇಳಲಿಕ್ಕೆ ತನ್ನದೆಂಬುದು ಏನೂ ಇರುವುದಿಲ್ಲ. ಇಂಥ ಓದಿನಿಂದ ನೌಕರಿ ಬಂದೀತು, ಬರಲಿ, ಬರಬೇಕು. ದನಿ ಬರುವುದೆಂದು ನಾನು ನಂಬಲಾರೆ.

ಧರ್ಮಸಭೆಯ ಒಳಗಿನ ಸಭೆಗಳ ಮಾತನ್ನೂ ಹೇಳದೆ ಬಿಡುವುದು ಪ್ರಾಮಾಣಿಕತೆಯಾಗದು. ಧರ್ಮಕೇಂದ್ರದ ಪಾಲನಾ ಪರಿಷತ್ತಿಗೆ ನಾವು ಆರಿಸುವುದು ಸಾಮಾನ್ಯವಾಗಿ ಶಿಕ್ಷಕರನ್ನು, ನೌಕರರನ್ನು, ಲೆಕ್ಕಪತ್ರ ಬಲ್ಲವರನ್ನು. ಅವರ ಸೇವೆ ದೊಡ್ಡದು. ಆದರೆ ಗುಡಿಯ ಮಾಳಿಗೆ ಸೋರಿದಾಗ ಪಟ್ಟಣದಿಂದ ಎಂಜಿನಿಯರರನ್ನು ಕರೆಸುವ ನಾವು, ಅದೇ ಮಾಳಿಗೆಗೆ ಗಾರೆ ಹಾಕಿದ ಸಹೋದರ ಹಿಂದಿನ ಸಾಲಿನಲ್ಲಿ ಕುಳಿತಿದ್ದರೂ ಅವನನ್ನು ಒಂದು ಮಾತು ಕೇಳುವುದಿಲ್ಲ. ಪೇತ್ರನೂ ಯೊವಾನ್ನನೂ ಓದದ ಸಾಮಾನ್ಯರೆಂದು ಯೆಹೂದ್ಯರ ನ್ಯಾಯಸಭೆ ಬೆರಗಾಯಿತು (ಪ್ರೇಷಿತರ ಕಾರ್ಯಕಲಾಪಗಳು 4:13). ಓದಿದ್ದ ಪೌಲನು ಗುಡಾರ ಮಾಡುವ ಕಸುಬನ್ನು ಬಿಡಲಿಲ್ಲ (18:3). ಆರಂಭದ ಧರ್ಮಸಭೆಯಲ್ಲಿ ಈ ಎರಡು ಬಗೆಯವರೂ ಒಂದೇ ಚಾಪೆಯ ಮೇಲೆ ಕುಳಿತಿದ್ದರು.

ಯಾದಗಿರಿ, ಶಹಾಪುರ, ಸುರಪುರದ ಹಳ್ಳಿಗಳಿಂದ ಸಾವಿರಾರು ಕುಟುಂಬಗಳು ಸುಗ್ಗಿ ಮುಗಿದ ಮೇಲೆ ಬೆಂಗಳೂರು ಮುಂತಾದ ನಗರಗಳಿಗೆ ಕಟ್ಟಡದ ಕೆಲಸಕ್ಕೆ ಹೋಗುತ್ತವೆ. ಇವರಿಲ್ಲದೆ ಪಟ್ಟಣ ನಿಲ್ಲದು ಎಂದು ಸಿರಾಖ ಹೇಳಿದ್ದು ಇವರ ಬಗ್ಗೆಯೇ ಎನಿಸುತ್ತದೆ. ಅವರು ಊರಲ್ಲಿರುವುದು ಮಳೆಗಾಲದ ಬಿತ್ತನೆಗೆ, ಹಬ್ಬ ಜಾತ್ರೆಗಳಿಗೆ, ಮನೆಯ ಮದುವೆ ಮಣ್ಣುಗಳಿಗೆ. ನಮ್ಮ ಪರಿಷತ್ತುಗಳ ವಾರ್ಷಿಕ ಸಭೆ ನಡೆಯುವುದು ಲೆಕ್ಕಪತ್ರ ಮುಗಿಯುವ ಏಪ್ರಿಲ್ ಆಸುಪಾಸಿನಲ್ಲಿ. ಆಗ ಅವರ ಮನೆಗಳ ಬಾಗಿಲಿಗೆ ಬೀಗ. ಸಭೆಯನ್ನು ಬಿತ್ತನೆಯ ತಿಂಗಳಿನ ಒಂದು ಸಂಜೆಗೆ ಸರಿಸಲಿಕ್ಕೆ ಧರ್ಮಪ್ರಾಂತ್ಯದ ಯಾವ ನಿಯಮವನ್ನೂ ಬದಲಿಸಬೇಕಾಗಿಲ್ಲ.